ಅಂಬತ್ತೂರಿನಿಂದ ಐದು ದಿನ

ಸೇನೆಯ ಆಯ್ಕೆ ಮಂಡಳಿಯ ಮುಂದೆ ಹೋಗುವವರೆಲ್ಲ ಒಂದು ನಮೂನೆ ತುಂಬಬೇಕು. ಅದನ್ನು ಪಿಐಕ್ಯು ಎನ್ನುತ್ತಾರೆ. ಅಪ್ಪ ಅಮ್ಮನ ಓದು, ಉದ್ಯೋಗ, ಆದಾಯ, ನೀವು ಎಷ್ಟನೆಯ ಮಗು, ಹತ್ತನೇ ತರಗತಿಯಿಂದ ಈಚೆಗಿನ ಅಂಕ, ಆಡಿದ ಆಟ, ಹವ್ಯಾಸ, ಎನ್‌ಸಿಸಿ, ಹಿಂದೆ ಎಷ್ಟು ಸಲ ಬಂದು ಹೋಗಿದ್ದೀರಿ ಎಂಬುದೆಲ್ಲ ಅದರಲ್ಲಿರುತ್ತದೆ. ಮಾತೃಭಾಷೆ ಯಾವುದು ಎಂಬ ಕಾಲಮ್ಮಿದೆ. ಅತಿ ಹೆಚ್ಚು ಕಾಲ ವಾಸಿಸಿದ ಊರು ಯಾವುದು ಎಂಬ ಇನ್ನೊಂದು ಕಾಲಮ್ಮೂ ಇದೆ. 2025ರಲ್ಲಿ ಎನ್‌ಡಿಎ ಲಿಖಿತ ಪರೀಕ್ಷೆ ಪಾಸಾದ ಒಬ್ಬ ಹುಡುಗಿ ಮೊದಲನೆಯದರಲ್ಲಿ ಕನ್ನಡ ಎಂದೂ ಎರಡನೆಯದರಲ್ಲಿ ಅಂಬತ್ತೂರು, ಚೆನ್ನೈ ಎಂದೂ ಬರೆದಳು. ಅಭ್ಯಾಸಕ್ಕೆಂದು ಕೋಚಿಂಗ್ ಕ್ಲಾಸಿನಲ್ಲಿ ತುಂಬಿಸಿದ ಪ್ರತಿ ಅದು. ಹೇಳಿಕೊಡುತ್ತಿದ್ದವರು ಆ ಎರಡು ಕಾಲಮ್ಮಿಗೂ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಇದರ ಮೇಲೆ ಪ್ರಶ್ನೆ ಬಂದೇ ಬರುತ್ತದೆ, ಉತ್ತರ ಬರೆದು ಬಾಯಿಪಾಠ ಮಾಡಿಕೋ ಎಂದರು.

ಅವಳಿಗೆ ಆಶ್ಚರ್ಯವಾಯಿತು. ಹುಟ್ಟಿದಾಗಿನಿಂದ ಇರುವ ಸಂಗತಿಗೆ ಉತ್ತರ ಬರೆಯುವುದು ಏನಿದೆ?

ಅವಳ ಅಪ್ಪ ತಿಪಟೂರು ಕಡೆಯವರು. ಐಟಿಐ ಮುಗಿಸಿ, ತೊಂಬತ್ತರ ದಶಕದ ಕೊನೆಯಲ್ಲಿ ಕೆಲಸ ಹುಡುಕಿಕೊಂಡು ಅಂಬತ್ತೂರಿಗೆ ಬಂದರು. ಚೆನ್ನೈನ ಪಶ್ಚಿಮಕ್ಕಿರುವ ಈ ಊರಿಗೆ ಬರುವವರಲ್ಲಿ ಹೆಚ್ಚಿನವರು ಹೀಗೆ ಕಬ್ಬಿಣದ ಹಿಂದೆ ಬಂದವರೇ. 1949ರಲ್ಲಿ ಟಿಐ ಸೈಕಲ್ಸ್ ಇಲ್ಲಿ ಶುರುವಾಯಿತು. 1964ರಲ್ಲಿ ಇಂಡಸ್ಟ್ರಿಯಲ್ ಎಸ್ಟೇಟ್ ಎದ್ದಿತು. ಪಕ್ಕದ ಪಾಡಿಯಲ್ಲಿ ಲ್ಯೂಕಾಸ್ ಟಿವಿಎಸ್, ಅತ್ತ ಆವಡಿಯಲ್ಲಿ ಟ್ಯಾಂಕುಗಳನ್ನು ತಯಾರಿಸುವ ಹೆವಿ ವೆಹಿಕಲ್ಸ್ ಫ್ಯಾಕ್ಟರಿ. ದೊಡ್ಡ ಕಾರ್ಖಾನೆಗಳಿಗೆ ಸಣ್ಣ ಬಿಡಿಭಾಗ ಮಾಡಿಕೊಡುವ ನೂರಾರು ಶೆಡ್ಡುಗಳು ಎಸ್ಟೇಟಿನ ಒಳರಸ್ತೆಗಳಲ್ಲಿವೆ. ಅಂಥದೊಂದು ಬಾಡಿಗೆ ಶೆಡ್ಡು ಅವಳ ಅಪ್ಪನದು. ಎರಡು ಲೇತ್, ಒಂದು ಮಿಲ್ಲಿಂಗ್ ಮಷೀನು, ಇಬ್ಬರು ಹುಡುಗರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಅಕ್ಷರಗಳನ್ನು ಅಮ್ಮ ಕಲಿಸಿದ್ದು, ಊರಿಂದ ಪ್ರತಿ ವರ್ಷ ತಪ್ಪದೆ ತರಿಸುತ್ತಿದ್ದ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಮೇಲೆ. ಹಾಗಾಗಿ ಅವಳು ಮೊದಲು ಓದಿದ ಕನ್ನಡ ಪದಗಳು ಏಕಾದಶಿ, ಸಂಕಷ್ಟಿ, ಅಮಾವಾಸ್ಯೆ.

ಆವಡಿ ಅಷ್ಟು ಹತ್ತಿರವಿದ್ದುದರಿಂದ ಸೇನೆಯ ಹಸಿರು ಲಾರಿಗಳು ಅವಳಿಗೆ ಹೊಸತಲ್ಲ. ಆದರೆ ಆ ಕಡೆಗೆ ತಾನೂ ಹೋಗಬಹುದು ಅಂತ ಅನ್ನಿಸಿದ್ದು 2021ರಲ್ಲಿ. ಆ ಆಗಸ್ಟ್ 18ರಂದು ಸುಪ್ರೀಂ ಕೋರ್ಟು ಹೆಣ್ಣುಮಕ್ಕಳೂ ಎನ್‌ಡಿಎ ಪರೀಕ್ಷೆ ಬರೆಯಬಹುದು ಎಂದು ಮಧ್ಯಂತರ ಆದೇಶ ಕೊಟ್ಟಿತು. ಅಲ್ಲಿಯವರೆಗೆ ಹೆಣ್ಣುಮಕ್ಕಳಿಗೆ ಭೂಸೇನೆಯಲ್ಲಿ ಅಧಿಕಾರಿಯಾಗುವ ದಾರಿ ಬಹುಮಟ್ಟಿಗೆ ಪದವಿಯ ನಂತರದ್ದು. 1992ರಿಂದ ಅವರಿಗೆ ತರಬೇತಿ ಕೊಡುತ್ತ ಬಂದಿರುವುದು ಇದೇ ಚೆನ್ನೈನ ಸೇಂಟ್ ಥಾಮಸ್ ಮೌಂಟ್ ಬಳಿಯ ಆಫೀಸರ್ಸ್ ಟ್ರೇನಿಂಗ್ ಅಕಾಡೆಮಿ. 2022ರಲ್ಲಿ ಖಡಕ್‌ವಾಸ್ಲಾಕ್ಕೆ ಹೋದ ಹುಡುಗಿಯರ ಮೊದಲ ತಂಡದಲ್ಲಿ 17 ಮಂದಿ 2025ರ ಮೇ 30ರಂದು ತೇರ್ಗಡೆಯಾಗಿ ಹೊರಬಂದರು. ಆ ಪಥಸಂಚಲನದ ವಿಡಿಯೋವನ್ನು ಅವಳು ಫೋನಿನಲ್ಲಿ ಎಷ್ಟು ಸಲ ನೋಡಿದಳೆಂದರೆ, ಕೊನೆಗೆ ಅಮ್ಮನೇ, ಅದರ ಸದ್ದಾದರೂ ಕಮ್ಮಿ ಮಾಡು ಮಾರಾಯ್ತಿ ಎಂದರಂತೆ.

ಲಿಖಿತ ಪರೀಕ್ಷೆ 900 ಅಂಕಕ್ಕೆ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಆಮೇಲಿನ ಐದು ದಿನದ ಸಂದರ್ಶನಕ್ಕೂ 900 ಅಂಕ. ಕೋಚಿಂಗಿನವರು ಈ ಎರಡನೆಯದನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದರು: ಇಂಪ್ರೆಷನ್ ಮುಖ್ಯ. ತಿಳಿ ಬಣ್ಣದ ಶರ್ಟು, ಒಳಗೆ ಹೋಗುವಾಗ ಬಾಗಿಲ ಬಳಿ ಒಂದು ಕ್ಷಣ ನಿಲ್ಲುವುದು, ಕುರ್ಚಿಯ ಅಂಚಿನಲ್ಲಿ ಕೂರಬಾರದು, ಕೈ ಎಲ್ಲಿಡಬೇಕು. ಇವುಗಳಲ್ಲಿ ತಪ್ಪೇನೂ ಇಲ್ಲ. ಶುಚಿಯಾದ ಬಟ್ಟೆ, ಪಾಲಿಶ್ ಹಾಕಿದ ಶೂ, ನೆಟ್ಟಗೆ ಕೂತು ಕಣ್ಣು ನೋಡಿ ಮಾತಾಡುವುದು ಯಾವ ಸಂದರ್ಶನಕ್ಕೂ ಬೇಕು. ಅರ್ಧ ದಿನದಲ್ಲಿ ಕಲಿಯಬಹುದಾದ ವಿಷಯ. ಅದರ ಜೊತೆ ಕೊಟ್ಟ ನೋಟ್‌ಬುಕ್ಕಿನದೇ ತೊಂದರೆ. ಅದರಲ್ಲಿ ಚಿತ್ರ ನೋಡಿ ಬರೆಯುವ ಕಥೆಗಳಿಗೆ ಸಿದ್ಧ ಚೌಕಟ್ಟುಗಳಿದ್ದವು. ಪದ ಕೊಟ್ಟರೆ ಬರೆಯಬೇಕಾದ ವಾಕ್ಯಗಳಿದ್ದವು. ಸೇನೆಗೆ ಯಾಕೆ ಸೇರಬೇಕು ಎಂಬುದಕ್ಕೆ ಒಂದೂವರೆ ಪುಟದ ಉತ್ತರವಿತ್ತು. ಕ್ಲಾಸಿನ ಮೂವತ್ತು ಮಕ್ಕಳಿಗೂ ಅದೇ ಒಂದೂವರೆ ಪುಟ.

ಐದು ದಿನ ಯಾಕೆ ಎಂದು ಕೇಳಿಕೊಂಡರೆ ಆ ನೋಟ್‌ಬುಕ್ಕು ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದು ತಿಳಿಯುತ್ತದೆ. ಎರಡನೇ ಮಹಾಯುದ್ಧಕ್ಕೆ ಮೊದಲು ಬ್ರಿಟಿಷ್ ಸೇನೆ ಅಧಿಕಾರಿಗಳನ್ನು ಆರಿಸುತ್ತಿದ್ದುದು ಇಂಪ್ರೆಷನ್ನಿನ ಮೇಲೆಯೇ. ಹುಡುಗ ಯಾವ ಶಾಲೆಯವನು, ಯಾರ ಮಗ, ಮಾತಿನ ಧಾಟಿ ಹೇಗಿದೆ, ಕುದುರೆ ಸವಾರಿ ಬರುತ್ತದೆಯೋ ಎಂದು ಸ್ವಲ್ಪ ಹೊತ್ತು ಮಾತಾಡಿಸಿ ತೀರ್ಮಾನಿಸುತ್ತಿದ್ದರು. ನಮ್ಮವರು ಆ ಬಾಗಿಲಲ್ಲಿ ನುಗ್ಗಬೇಕಾದರೆ ಮೊದಲು ಆ ಶಾಲೆಯೇ ಬೇಕಿತ್ತು. 1922ರಲ್ಲಿ ಡೆಹ್ರಾಡೂನಿನಲ್ಲಿ ಮಿಲಿಟರಿ ಕಾಲೇಜು ತೆರೆದದ್ದು ಭಾರತೀಯ ಹುಡುಗರನ್ನು ಸ್ಯಾಂಡ್‌ಹರ್ಸ್ಟಿಗೆ ತಯಾರು ಮಾಡಲೆಂದು. ಮಡಿಕೇರಿಯ ತಿಮ್ಮಯ್ಯ ಕೂನೂರು, ಬೆಂಗಳೂರುಗಳ ಶಾಲೆಗಳಲ್ಲಿ ಓದಿ, ಆ ಕಾಲೇಜಿನಲ್ಲಿ ಪಳಗಿ, ಸ್ಯಾಂಡ್‌ಹರ್ಸ್ಟ್ ಮುಗಿಸಿ 1926ರಲ್ಲಿ ಅಧಿಕಾರಿಯಾದರು. ತಿಮ್ಮಯ್ಯನವರಂಥವರು ಸಿಕ್ಕಿದ್ದು ಆ ಪದ್ಧತಿಯ ಭಾಗ್ಯವೇ ಹೊರತು ಅದರ ಜಾಣತನವಲ್ಲ. ತಿಪಟೂರಿನಿಂದ ಬಂದ ಫಿಟ್ಟರೊಬ್ಬನ ಮಗುವಿಗೆ ಅಲ್ಲಿ ಕುರ್ಚಿಯೇ ಇರಲಿಲ್ಲ.

ಯುದ್ಧ ಬೆಳೆದಂತೆ ಹಳೆಯ ಪದ್ಧತಿ ಕೈಕೊಟ್ಟಿತು. ಹಾಗೆ ಆರಿಸಿದವರಲ್ಲಿ ಬಹಳ ಮಂದಿ ತರಬೇತಿಯಲ್ಲೇ ಉಳಿಯಲಿಲ್ಲ. 1942ರಲ್ಲಿ ಬ್ರಿಟನ್ನು ಮನೋವೈದ್ಯರನ್ನೂ ಮನಶ್ಶಾಸ್ತ್ರಜ್ಞರನ್ನೂ ಕೂರಿಸಿಕೊಂಡು ಹೊಸ ಆಯ್ಕೆ ಮಂಡಳಿಗಳನ್ನು ಮಾಡಿತು. ಎಂಟು ಹತ್ತು ಜನರಿಗೆ ನಾಯಕನನ್ನು ನೇಮಿಸದೆ ಒಂದು ಕೆಲಸ ಕೊಟ್ಟು, ಸುಮ್ಮನೆ ನಿಂತು ನೋಡುವ ಉಪಾಯ ವಿಲ್ಫ್ರೆಡ್ ಬಿಯಾನ್ ಎಂಬ ಮನೋವೈದ್ಯರದು. 1943ರಲ್ಲಿ ಡೆಹ್ರಾಡೂನಿನಲ್ಲಿ ಭಾರತದ ಮೊದಲ ಮಂಡಳಿ ಶುರುವಾಯಿತು. ಸ್ವಾತಂತ್ರ್ಯದ ನಂತರ 1949ರಿಂದ ನಮ್ಮದೇ ಮನಶ್ಶಾಸ್ತ್ರ ಸಂಶೋಧನಾ ವಿಭಾಗ ಈ ಪರೀಕ್ಷೆಗಳನ್ನು ತಿದ್ದುತ್ತ ಬಂದಿತು. ಒಳ್ಳೆಯ ಮೊದಲ ನೋಟಕ್ಕೆ ಮರುಳಾಗದಿರುವುದೇ ಈ ಐದು ದಿನಗಳ ಉದ್ದೇಶ.

ಇಲ್ಲೊಂದು ಸ್ವಾರಸ್ಯವಿದೆ. ಈ ಮಂಡಳಿಗಳು ತಮ್ಮ ಪದ್ಧತಿಯನ್ನು ವಿವರಿಸಲು ಬಳಸುವ ಮಾತು ಮನಸಾ, ವಾಚಾ, ಕರ್ಮಣಾ. ಬರವಣಿಗೆಯ ಪರೀಕ್ಷೆಗಳಲ್ಲಿ ಮನಸ್ಸನ್ನು ನೋಡುವವರು ಮನಶ್ಶಾಸ್ತ್ರಜ್ಞರು. ಮಾತನ್ನು ನೋಡುವವರು ಸಂದರ್ಶನಾಧಿಕಾರಿ. ಮೈದಾನದಲ್ಲಿ ಕೆಲಸವನ್ನು ನೋಡುವವರು ಜಿಟಿಓ. ಮೂವರೂ ಬೇರೆಬೇರೆಯಾಗಿ ಅಂಕ ಹಾಕಿ, ಕೊನೆಯ ದಿನವೇ ಒಟ್ಟಿಗೆ ಕೂರುತ್ತಾರೆ. ತ್ರಿಕರಣ ಶುದ್ಧಿ ಎಂಬ ಮಾತು ಕನ್ನಡದ ಮನೆಗಳಲ್ಲಿ ಇನ್ನೂ ಬಳಕೆಯಲ್ಲಿದೆ. ತ್ರಿಕರಣಪೂರ್ವಕವಾಗಿ ಒಪ್ಪಿದ್ದೇನೆ ಎಂದು ಹಿರಿಯರು ಹೇಳುವುದುಂಟು. ಆ ಹುಡುಗಿಯ ಅಮ್ಮನಿಗೆ ಎಸ್‌ಎಸ್‌ಬಿ ಎಂದರೇನೆಂದು ಅರ್ಥ ಮಾಡಿಸಲು ಹತ್ತು ನಿಮಿಷ ಹೆಣಗಿ ಸೋತವಳು, ಈ ಮೂರು ಪದ ಹೇಳಿದ ಕೂಡಲೇ ಅಮ್ಮ, ಓ, ಹಂಗಾದ್ರೆ ಸುಳ್ಳು ಹೇಳಕ್ಕಾಗಲ್ಲ ಅನ್ನು ಎಂದುಬಿಟ್ಟರು.

ಸುಳ್ಳು ಹೇಳಲು ಸಮಯವೂ ಇರುವುದಿಲ್ಲ. ಪದ ಪರೀಕ್ಷೆಯಲ್ಲಿ 60 ಪದಗಳು ಒಂದಾದ ಮೇಲೊಂದು ತೆರೆಯ ಮೇಲೆ ಬರುತ್ತವೆ. ಒಂದಕ್ಕೆ 15 ಸೆಕೆಂಡು. ಅಷ್ಟರಲ್ಲಿ ಓದಿ, ಯೋಚಿಸಿ, ಒಂದು ವಾಕ್ಯ ಬರೆದು ಮುಗಿಸಬೇಕು. ಚಿತ್ರಕಥೆಗೆ 12 ಚಿತ್ರ. ಅದರಲ್ಲಿ ಹನ್ನೆರಡನೆಯದು ಖಾಲಿ ಹಾಳೆ. 30 ಸೆಕೆಂಡು ನೋಡಿ 4 ನಿಮಿಷದಲ್ಲಿ ಕಥೆ ಬರೆಯಬೇಕು. ಆಮೇಲೆ 60 ಸನ್ನಿವೇಶಗಳು, 30 ನಿಮಿಷ. ಅದಾದ ಮೇಲೆ ಸ್ವವಿವರಣೆ. ಬಾಯಿಪಾಠದ ವಾಕ್ಯಗಳು ಮೊದಲ ಹತ್ತಿಪ್ಪತ್ತು ಪದಗಳವರೆಗೆ ಕೈಹಿಡಿಯಬಹುದು. ಕೈ ನೋಯಲು ಶುರುವಾದ ಮೇಲೆ ಬರುವುದು ಬರೆಯುವವರದೇ. ಕೋಚಿಂಗಿನ ಕಥೆಗಳಲ್ಲಿ ನಾಯಕ ಹಳ್ಳಿಗೆ ರಸ್ತೆ ಹಾಕಿಸಿ, ಆಸ್ಪತ್ರೆ ಕಟ್ಟಿಸಿ, ಉಗ್ರರನ್ನು ಹಿಡಿದುಕೊಟ್ಟು ಸಂಜೆ ಮನೆಗೆ ಬರುತ್ತಾನೆ. ವರ್ಷಕ್ಕೆ ಸಾವಿರಾರು ಕಥೆ ಓದುವ ಮನಶ್ಶಾಸ್ತ್ರಜ್ಞರಿಗೆ ಈ ಮಹಾಶಯ ಹಳೆಯ ಪರಿಚಯದವನು.

ಅಭ್ಯಾಸದ ದಿನಗಳಲ್ಲಿ ಅವಳಿಗೆ ಒಂದು ವಿಚಿತ್ರ ಅನುಭವವಾಯಿತು. ಮೂರು ಭಾಷೆಯ ಮಕ್ಕಳಿಗೆ 15 ಸೆಕೆಂಡು ಎಂದರೆ ನಿಜಕ್ಕೂ ಹತ್ತೇ. ಹೊಣೆ ಎಂಬ ಅರ್ಥದ ಇಂಗ್ಲಿಷ್ ಪದ ಬಂದಾಗ ಅವಳ ತಲೆಯಲ್ಲಿ ಮೊದಲು ಎದ್ದದ್ದು ತಮಿಳಿನ ಪೊರುಪ್ಪು, ಆಮೇಲೆ ಮನೆಯ ಜವಾಬ್ದಾರಿ. ಮೂರೂ ಒಂದೇ ಅರ್ಥವೆಂದು ನಿಘಂಟು ಹೇಳುತ್ತದೆ. ಆದರೆ ಇಂಗ್ಲಿಷ್ ಪದದ ಬೇರು ಉತ್ತರ ಕೊಡುವುದರಲ್ಲಿದೆ. ನಮ್ಮ ಜವಾಬ್ದಾರಿಯೂ ಪರ್ಶಿಯನ್ನಿನ ಕಡೆಯಿಂದ ಬಂದದ್ದು, ಅದೂ ಜವಾಬು ಕೊಡಬೇಕಾದವರ ಪದ. ತಮಿಳಿನ ಪೊರುಪ್ಪು ಮಾತ್ರ ಬೇರೆ. ಅದು ನಮ್ಮ ಹೊರು, ಹೊರೆ ಎಂಬುದರ ನಂಟ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾದದ್ದು ನೆನಪಿದ್ದರೆ ಸಂಬಂಧ ಕಾಣುತ್ತದೆ. ಒಂದರಲ್ಲಿ ಯಾರೋ ಕೇಳಿದಾಗ ಉತ್ತರಿಸಬೇಕು, ಇನ್ನೊಂದರಲ್ಲಿ ಯಾರೂ ಕೇಳದಿದ್ದರೂ ತಲೆಯ ಮೇಲೆ ಭಾರವಿರುತ್ತದೆ. ಅವಳಿಗೆ ಈ ವ್ಯುತ್ಪತ್ತಿ ಯಾವುದೂ ಗೊತ್ತಿರಲಿಲ್ಲ. ಆದರೂ ಆ ಪದಕ್ಕೆ ಅವಳು ಬರೆದದ್ದು, ಕೆಲಸಗಾರರ ಸಂಬಳವಾದ ಮೇಲೆಯೇ ಅಪ್ಪ ಊಟಕ್ಕೆ ಕೂರುತ್ತಾರೆ ಎಂದು. ನೋಟ್‌ಬುಕ್ಕಿನಲ್ಲಿ ಇಲ್ಲದ ವಾಕ್ಯವಾದ್ದರಿಂದ ಕೋಚಿಂಗಿನವರು ಅದನ್ನು ಹೊಡೆದುಹಾಕಿ ಸಿದ್ಧ ವಾಕ್ಯವೊಂದನ್ನು ಬರೆದರು.

ಎಲ್ಲಕ್ಕಿಂತ ಕಷ್ಟವಾದದ್ದು ಸ್ವವಿವರಣೆ. 15 ನಿಮಿಷದಲ್ಲಿ, ನಿಮ್ಮ ಬಗ್ಗೆ ಅಪ್ಪ ಅಮ್ಮ ಏನಂದುಕೊಂಡಿದ್ದಾರೆ, ಶಿಕ್ಷಕರು, ಗೆಳೆಯರು ಏನಂದುಕೊಂಡಿದ್ದಾರೆ, ನೀವೇ ಏನಂದುಕೊಂಡಿದ್ದೀರಿ, ಮುಂದೆ ಏನಾಗಬಯಸುತ್ತೀರಿ ಎಂದು ಬರೆಯಬೇಕು. ತನ್ನನ್ನು ತಾನು ಹೊಗಳಿಕೊಳ್ಳುವುದು ನಮ್ಮಲ್ಲಿ ಸಣ್ಣ ತಪ್ಪಲ್ಲ. ಮಹಾಭಾರತದ ಕರ್ಣಪರ್ವದಲ್ಲಿ ಅಣ್ಣನನ್ನು ನಿಂದಿಸಿದ ಅರ್ಜುನ ಪಶ್ಚಾತ್ತಾಪದಿಂದ ಪ್ರಾಣ ಬಿಡಲು ಹೊರಟಾಗ ಕೃಷ್ಣ ಕೊಡುವ ಉಪಾಯವೇ ಅದು: ನಿನ್ನನ್ನು ನೀನು ಹೊಗಳಿಕೋ, ಅದು ಆತ್ಮಹತ್ಯೆಗೆ ಸಮ. ಆ ಕಥೆ ಕೇಳಿ ಬೆಳೆದ ಮನೆಯ ಹುಡುಗಿಗೆ, ನಾನು ಧೈರ್ಯವಂತೆ, ನಾನು ಪ್ರಾಮಾಣಿಕಳು ಎಂದು ಬರೆಯುವಾಗ ಪೆನ್ನು ಮೇಲೇಳುವುದಿಲ್ಲ. ನೋಟ್‌ಬುಕ್ಕಿನಲ್ಲಿ ಅದಕ್ಕೂ ಮಾದರಿಯಿತ್ತು: ನನ್ನ ತಂದೆತಾಯಿ ನನ್ನನ್ನು ವಿಧೇಯಳೂ ಜವಾಬ್ದಾರಿಯುತಳೂ ಎಂದು ಭಾವಿಸುತ್ತಾರೆ.

ಒಂದು ರಾತ್ರಿ ಅವಳು ಅಮ್ಮನನ್ನೇ ಕೇಳಿದಳು. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದರು.

"ಅಮ್ಮ, ನನ್ನ ಬಗ್ಗೆ ನಿಂಗೆ ಏನನ್ಸುತ್ತೆ?"

"ಯಾಕೆ, ಏನ್ ಮಾಡ್ಕಂಡ್ ಬಂದೆ?"

"ಏನಿಲ್ಲಮ್ಮ, ಬರೀಬೇಕು. ನಿಜ ಹೇಳು."

"ಎದುರುತ್ತರ ಜಾಸ್ತಿ. ಹಿಡಿದಿದ್ದೇ ಹಿಡಿದು. ಬೆಳಿಗ್ಗೆ ಏಳಲ್ಲ. ಆದ್ರೆ ಒಂದ್ ಕೆಲ್ಸ ಅಂತ ಕೊಟ್ರೆ ಅದು ಮುಗಿಯೋವರ್ಗೂ ಮಲಗಲ್ಲ, ಅದನ್ನ ಹೇಳ್ಬೇಕು."

ಅಪ್ಪ ಟಿವಿ ಮುಂದಿನಿಂದಲೇ, "ಲೆಕ್ಕ ಚೆನ್ನಾಗಿ ಇಡ್ತಾಳೆ. ದುಡ್ಡಿಂದಲ್ಲ, ಸಾಮಾನಿಂದು" ಎಂದರು.

ಸಾಮಾನಿನ ಲೆಕ್ಕದ ಮಾತು ಎಲ್ಲಿಂದ ಬಂತೆಂದು ಅವಳಿಗೆ ಆಗ ಹೊಳೆಯಲಿಲ್ಲ. ಹೊಳೆಸಿದವರು ಪಕ್ಕದ ಮನೆಯ ತಾತ. ಆವಡಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಸಂಜೆ ಅವಳನ್ನು ಕೂರಿಸಿಕೊಂಡು ತಮಿಳಿನಲ್ಲಿ ಅಣಕು ಸಂದರ್ಶನ ಮಾಡುತ್ತಿದ್ದರು. ನೀನು ಮುಂದಾಳತ್ವ ವಹಿಸಿದ ಒಂದು ಸಂದರ್ಭ ಹೇಳು ಎಂದರು. ಅವಳು ಶಾಲೆಯ ಚರ್ಚಾಸ್ಪರ್ಧೆಯ ಉತ್ತರ ಒಪ್ಪಿಸಿದಳು. ಅವರು ಕೇಳಿಸಿಕೊಂಡು, ಅದಿರಲಿ, ಆ ಡಿಸೆಂಬರಿನ ಮಳೆಯಲ್ಲಿ ನಿಮ್ಮಪ್ಪನ ಶೆಡ್ಡಿಗೆ ನೀರು ನುಗ್ಗಿದಾಗ ನೀನೆಲ್ಲಿದ್ದೆ ಎಂದರು.

2023ರ ಡಿಸೆಂಬರಿನ ಮೊದಲ ವಾರ ಮಿಚಾಂಗ್ ಚಂಡಮಾರುತ ಚೆನ್ನೈಯನ್ನು ಮುಳುಗಿಸಿತು. ಅಂಬತ್ತೂರು ಎಸ್ಟೇಟಿನ ಶೆಡ್ಡುಗಳಲ್ಲಿ ದಿನಗಟ್ಟಲೆ ನೀರು ನಿಂತಿತು. ಅವಳು ಆಗ ಹನ್ನೊಂದನೇ ತರಗತಿ. ಅಪ್ಪ ಮತ್ತು ಹುಡುಗರು ಸೊಂಟದಷ್ಟು ನೀರಿನಲ್ಲಿ ಲೇತಿನ ಮೋಟಾರು ಬಿಚ್ಚುತ್ತಿದ್ದರು. ಇವಳು ಮೇಲಟ್ಟದಲ್ಲಿ ಕೂತು, ಅವರು ಎತ್ತಿಕೊಡುತ್ತಿದ್ದ ಬಿಡಿಭಾಗಗಳನ್ನು ಯಾವ ಗಿರಾಕಿಯದು ಯಾವುದು ಎಂದು ಬೇರೆಬೇರೆ ಚೀಲಕ್ಕೆ ಹಾಕಿ, ಚೀಟಿ ಕಟ್ಟಿ, ಎಣಿಸಿ ಬರೆದಿಟ್ಟಳು. ಜಾಬ್ ವರ್ಕಿಗೆ ಬಂದ ಮಾಲು ತಮ್ಮದಲ್ಲ, ಕಳೆದರೆ ತುಂಬಿಕೊಡಬೇಕು. ನೆನೆದ ಡ್ರಾಯಿಂಗುಗಳನ್ನು ಮನೆಗೆ ತಂದು ಫ್ಯಾನಿನ ಕೆಳಗೆ ಹರಡಿದಳು. ಕರೆಂಟ್ ಬಂದ ದಿನವೇ ಒಬ್ಬೊಬ್ಬ ಗಿರಾಕಿಗೂ ಫೋನ್ ಮಾಡಿ, ನಿಮ್ಮದು ಇಷ್ಟು ಉಳಿದಿದೆ, ಇಷ್ಟು ತುಕ್ಕು ಹಿಡಿದಿದೆ, ಇಷ್ಟು ದಿನ ಬೇಕು ಎಂದು ಹೇಳಿದಳು. ಒಬ್ಬ ಗಿರಾಕಿ ಬೈದರು. ಇನ್ನೊಬ್ಬರು ಮುಂಗಡ ಕಳಿಸಿದರು. ಆ ಪಟ್ಟಿಯಲ್ಲಿ ಎರಡು ಚೀಲ ಅದಲು ಬದಲಾಗಿದ್ದೂ ಆಮೇಲೆ ಗೊತ್ತಾಯಿತು.

ಇದನ್ನು ಅವಳು ಹೇಳಬೇಕಾದ ವಿಷಯವೆಂದೇ ಎಣಿಸಿರಲಿಲ್ಲ. ಮನೆಯ ಕೆಲಸ ಯಾರಾದರೂ ಸಾಧನೆ ಎಂದು ಹೇಳಿಕೊಳ್ಳುತ್ತಾರೆಯೇ? ಮಂಡಳಿ ಹುಡುಕುವ 15 ಗುಣಗಳ ಪಟ್ಟಿಯೊಂದಿದೆ. ಅದರಲ್ಲಿ ವ್ಯವಸ್ಥೆ ಮಾಡುವ ಶಕ್ತಿ, ಹೊಣೆಗಾರಿಕೆ, ತಾನಾಗಿ ಮುಂದೆ ಬರುವುದು, ಬೇಗ ತೀರ್ಮಾನಿಸುವುದು, ಸಹಕಾರ, ಗಟ್ಟಿ ನಿರ್ಧಾರ ಎಲ್ಲ ಬರುತ್ತವೆ. ಕೋಚಿಂಗಿನ ಮಕ್ಕಳು ಆ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು ಒಂದೊಂದಕ್ಕೂ ಒಂದೊಂದು ಘಟನೆ ಹೆಣೆಯುತ್ತಾರೆ. ಆ ಮೇಲಟ್ಟದ ಎರಡು ದಿನದಲ್ಲಿ ಅರ್ಧ ಪಟ್ಟಿ ಇತ್ತು. ತಯಾರಿ ಎಂದರೆ ಬಹುಶಃ ಇದೇ. ನಡೆದುಹೋದ ಬದುಕನ್ನು ಒಂದು ಸಲ ಕೂತು ನೆನೆಸಿಕೊಳ್ಳುವುದು, ದಿನಾಂಕ ಸಮೇತ, ಅದಲು ಬದಲಾದ ಚೀಲಗಳ ಸಮೇತ. ಸಂದರ್ಶನದಲ್ಲಿ ಉಸಿರು ಬಿಡದೆ ಹತ್ತು ಹನ್ನೆರಡು ಪ್ರಶ್ನೆಗಳ ಸರಮಾಲೆ ಕೇಳುತ್ತಾರೆ: ಹತ್ತನೇ ತರಗತಿಯಿಂದ ಅಂಕಗಳು, ಯಾವ ಶಿಕ್ಷಕರು ಇಷ್ಟ, ಯಾರು ಇಷ್ಟವಿಲ್ಲ, ಯಾಕೆ, ಗೆಳತಿಯರು ಯಾರು, ಅವರ ಗುಣವೇನು, ದೋಷವೇನು, ಬಿಡುವಿನಲ್ಲಿ ಏನು ಮಾಡುತ್ತೀಯ. ಬದುಕಿದವರಿಗೆ ಇದು ನೆನಪಿರುತ್ತದೆ. ಬಾಯಿಪಾಠ ಮಾಡಿದವರು ಆರನೆಯ ಪ್ರಶ್ನೆಗೆ ಕಳಚಿಕೊಳ್ಳುತ್ತಾರೆ.

ಕರೆ ಬಂದದ್ದು ಬೆಂಗಳೂರಿನ ಕಬ್ಬನ್ ರಸ್ತೆಯ ಆಯ್ಕೆ ಕೇಂದ್ರಕ್ಕೆ. ಒಂದು ಬಗೆಯ ಆಯ್ಕೆಗೆ ಮೊದಲ ಸಲ ಹೋಗುವವರಿಗೆ ಹೋಗಿಬರುವ ಮೂರನೇ ದರ್ಜೆ ಏಸಿ ರೈಲು ದರ ಸಿಗುತ್ತದೆ. ಅಪ್ಪ ಆ ಟಿಕೆಟನ್ನು ಜೋಪಾನವಾಗಿಡು ಎಂದು ನಾಲ್ಕು ಸಲ ಹೇಳಿದರು. ಕಾಟ್ಪಾಡಿ, ಜೋಲಾರಪೇಟೆ ದಾಟಿ ಬೆಂಗಳೂರಿನಲ್ಲಿ ಇಳಿದಾಗ ಅವಳಿಗೆ ಮೊದಲು ಕೇಳಿಸಿದ್ದು ಸುತ್ತಲೂ ಕನ್ನಡ. ಮನೆಯೊಳಗಿನ ಭಾಷೆ ಪೋರ್ಟರುಗಳ ಬಾಯಲ್ಲಿ, ಇಡ್ಲಿ ಅಂಗಡಿಯಲ್ಲಿ, ಬೋರ್ಡುಗಳ ಮೇಲೆ. ಒಂದು ಗಂಟೆಯೊಳಗೆ ಕೇಂದ್ರದ ಒಳಗೆ ಹೋದ ಮೇಲೆ ಅವಳು ಚೆಸ್ಟ್ ನಂಬರ್ ಒಂದು. ಉಳಿದವರ ಬಾಯಲ್ಲಿ ಚೆನ್ನೈವಾಲಿ.

ಮೊದಲ ದಿನವೇ ಜರಡಿ. ಬುದ್ಧಿ ಪರೀಕ್ಷೆಯಾದ ಮೇಲೆ ಮಸುಕು ಚಿತ್ರವೊಂದನ್ನು ಅರೆ ನಿಮಿಷ ತೋರಿಸಿ ಕಥೆ ಬರೆಸುತ್ತಾರೆ. ಆಮೇಲೆ ಗುಂಪಿನಲ್ಲಿ ಪ್ರತಿಯೊಬ್ಬರೂ ತಮ್ಮ ಕಥೆ ಹೇಳಿ, ಎಲ್ಲರೂ ಸೇರಿ ಒಂದು ಕಥೆಗೆ ಬರಬೇಕು. ಈ ಹಂತ ಸಾಮಾನ್ಯವಾಗಿ ಸಂತೆಯಾಗುತ್ತದೆ. ಎಲ್ಲರಿಗೂ ಕೋಚಿಂಗಿನಲ್ಲಿ ಹೇಳಿರುವುದು, ಮೊದಲು ಬಾಯಿ ತೆಗೆಯಬೇಕು, ಬಿಡಬಾರದು. ಅವಳ ಗುಂಪಿನಲ್ಲೂ ಹಾಗೇ ಆಯಿತು. ಅವಳಿಗೆ ಸಿಕ್ಕಿದ್ದು ಎರಡೇ ಅವಕಾಶ. ಒಂದರಲ್ಲಿ, ಚಿತ್ರದಲ್ಲಿ ಎಷ್ಟು ಜನರಿದ್ದಾರೆ ಎಂಬುದರ ಮೇಲೆ ಮೊದಲು ಒಪ್ಪೋಣ, ಆಮೇಲೆ ಕಥೆ ಎಂದಳು. ಇನ್ನೊಂದರಲ್ಲಿ, ಮಾತೇ ಸಿಗದೆ ಕೂತಿದ್ದ ಒಬ್ಬಳ ನಂಬರ್ ಹೇಳಿ, ಅವರ ಕಥೆಯಲ್ಲಿ ಇದಕ್ಕೆ ಉತ್ತರವಿತ್ತು ಎಂದಳು. ಮಧ್ಯಾಹ್ನ ಉಳಿದವರ ನಂಬರುಗಳನ್ನು ಓದಿದಾಗ ಅವಳದಿತ್ತು. ತುಂಬ ಜೋರಾಗಿ ಮಾತಾಡಿದ ಇಬ್ಬರದು ಇರಲಿಲ್ಲ. ಒಬ್ಬಳದು ಇತ್ತು ಕೂಡ. ಹಾಗಾಗಿ ಇದರಿಂದ ಸೂತ್ರವೊಂದನ್ನು ಮಾಡಿಕೊಳ್ಳುವಂತಿಲ್ಲ.

ಮೈದಾನದ ಕೆಲಸ ಅವಳಿಗೆ ಹಬ್ಬ. ಹಲಗೆ, ಹಗ್ಗ, ಒಂದು ಮರದ ದಿಮ್ಮಿ ಕೊಟ್ಟು, ನೆಲ ಮುಟ್ಟದೆ, ಕೆಂಪು ಬಣ್ಣದ ಭಾಗ ಮುಟ್ಟದೆ, ಹೊರೆಯೊಂದನ್ನು ಸಾಗಿಸಿಕೊಂಡು ಅಂತರ ದಾಟಬೇಕು. ಹಲಗೆ ಒಂದು ತುದಿಯಿಂದ ಇನ್ನೊಂದಕ್ಕೆ ಮುಟ್ಟುವುದಿಲ್ಲ, ಅದೇ ಆಟ. ಲೇತಿಗೆ ಭಾರದ ಚಕ್ ಏರಿಸುವಾಗ ಅಪ್ಪ ಹಾರೆ ಹಾಕಿ ಮೀಟುವುದನ್ನು ಎಳವೆಯಿಂದ ನೋಡಿದವಳಿಗೆ, ಹಲಗೆಯ ಹಿಂತುದಿಯಲ್ಲಿ ಎಷ್ಟು ಜನ ಕೂತರೆ ಮುಂತುದಿಯಲ್ಲಿ ಒಬ್ಬರು ನಡೆಯಬಹುದು ಎಂದು ಕಣ್ಣಳತೆಯಲ್ಲೇ ಗೊತ್ತಾಯಿತು. ಹಗ್ಗದ ಗಂಟು ಮಾತ್ರ ಒಮ್ಮೆ ಬಿಚ್ಚಿಹೋಯಿತು.

ಸಂದರ್ಶನದಲ್ಲಿ ಆ ಪೆನ್ಸಿಲ್ ಸುತ್ತಿನ ಪ್ರಶ್ನೆ ಬಂತು. ಮಾತೃಭಾಷೆ ಕನ್ನಡ, ಊರು ಅಂಬತ್ತೂರು. ಹಾಗಾದರೆ ಕಾವೇರಿ ವಿಷಯದಲ್ಲಿ ನೀನು ಯಾರ ಕಡೆ?

ಕೋಚಿಂಗಿನ ಉತ್ತರ ತಯಾರಿತ್ತು: ಎರಡೂ ನನ್ನ ರಾಜ್ಯಗಳೇ, ನಾನು ಮೊದಲು ಭಾರತೀಯಳು. ಸುಳ್ಳೇನಲ್ಲ. ಆದರೆ ಅವಳಿಗೆ ನೆನಪಾದದ್ದು 2016ರ ಸೆಪ್ಟೆಂಬರ್. ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಉರಿದ ದಿನ, ಅದೇ ದಿನ ಚೆನ್ನೈನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ದಾಳಿಯಾಗಿತ್ತು. ಅವಳಿಗೆ ಆಗ ಒಂಬತ್ತು ವರ್ಷ. ಬೀದಿಯಲ್ಲಿ ಏನನ್ನಾದರೂ ಹೇಳಬೇಕಾದರೆ ಅಪ್ಪ, ಅಮ್ಮ ಎಂದಷ್ಟೇ ಕರೆಯಿರಿ, ಉಳಿದದ್ದು ಮನೆಗೆ ಬಂದು ಹೇಳಿ ಎಂದು ಅಮ್ಮ ಮಕ್ಕಳಿಬ್ಬರಿಗೂ ಕಿವಿಮಾತು ಹೇಳಿದ್ದರು. ಆ ಎರಡು ಪದ ಎರಡೂ ಭಾಷೆಗೆ ಒಂದೇ. ಆ ವಾರ ಅಪ್ಪನ ಶೆಡ್ಡಿನ ಬಾಗಿಲಲ್ಲಿ ಸಂಜೆ ಹೊತ್ತು ಕುರ್ಚಿ ಹಾಕಿ ಕೂತಿದ್ದವರು ಇದೇ ಪಕ್ಕದ ಮನೆಯ ತಾತ. ಆ ಸೆಪ್ಟೆಂಬರಿನಲ್ಲೇ ತಿಪಟೂರಿನ ಅಜ್ಜಿ ಫೋನಿನಲ್ಲಿ, ನಮಗೇ ನೀರಿಲ್ಲ, ಅವರಿಗೆ ಎಲ್ಲಿಂದ ಬಿಡೋದು ಎಂದು ಅತ್ತಿದ್ದರು.

ಅವಳು ಇದನ್ನು ಇಂಗ್ಲಿಷಿನಲ್ಲಿ, ತನಗೆ ಬರುವಷ್ಟು, ಹೇಳಿದಳು. ಅಧಿಕಾರಿ ಸುಮ್ಮನೆ ಕೇಳಿ, ಅದು ನೆನಪಾಯಿತು, ಅಭಿಪ್ರಾಯವೇನು ಎಂದರು. 2018ರ ಫೆಬ್ರುವರಿ ತೀರ್ಪಿನಲ್ಲಿ ಬಿಳಿಗುಂಡ್ಲುವಿನಿಂದ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಎಂದಾಗಿದೆ, ಮೊದಲು 192 ಇತ್ತು, ಮಳೆ ಬಂದ ವರ್ಷ ಜಗಳವೇ ಇರುವುದಿಲ್ಲ, ಮಳೆ ಕೊರತೆಯಾದ ವರ್ಷ ಯಾರಿಗೆ ಎಷ್ಟು ಕಡಿಮೆ ಎಂಬ ಲೆಕ್ಕವನ್ನು ಮೊದಲೇ ಒಪ್ಪಿಕೊಂಡಿದ್ದರೆ ಜಗಳ ಅರ್ಧವಾಗುತ್ತದೆ ಎಂದಳು. ಆ ಲೆಕ್ಕ ಹೇಗೆ ಮಾಡುತ್ತೀಯ ಎಂದು ಕೇಳಿದರು. ಗೊತ್ತಿಲ್ಲ ಸರ್ ಎಂದಳು. ಅವರು ಏನೋ ಬರೆದುಕೊಂಡು ಟೇಬಲ್ ಟೆನ್ನಿಸ್ ಬಗ್ಗೆ ಕೇಳಿದರು.

ಐದನೇ ದಿನ ಕಾನ್ಫರೆನ್ಸ್. ಮೂವರೂ, ಅವರ ಜೊತೆ ಇನ್ನೂ ಹಲವರು, ಪೂರ್ತಿ ಸಮವಸ್ತ್ರದಲ್ಲಿ ಅರ್ಧವೃತ್ತವಾಗಿ ಕೂತಿರುತ್ತಾರೆ. ಒಬ್ಬೊಬ್ಬರನ್ನಾಗಿ ಕರೆದು ಊಟ ಹೇಗಿತ್ತು, ಇಲ್ಲಿ ಏನು ಕಲಿತೆ ಎಂಬಂಥ ಎರಡು ಮಾತು ಕೇಳಿ ಕಳಿಸುತ್ತಾರೆ. ಅವಳ ಸರದಿ ಉಳಿದವರಿಗಿಂತ ಸ್ವಲ್ಪ ಉದ್ದವಾಗಿತ್ತು. ಹಾಗಾದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೊರಗೆ ಕೂತವರು ಚರ್ಚಿಸಿದರು. ಆಮೇಲೆ ಅಧಿಕಾರಿಯೊಬ್ಬರು ಬಂದು, ಒಂದು ಸಣ್ಣ ಭಾಷಣ ಮಾಡಿ, ಆಯ್ಕೆಯಾದ ಚೆಸ್ಟ್ ನಂಬರುಗಳನ್ನು ಓದಿದರು. ಅವಳ ನಂಬರಿರಲಿಲ್ಲ.

ಯಾಕೆ ಎಂದು ಹೇಳುವ ಪದ್ಧತಿ ಅಲ್ಲಿಲ್ಲ. ಇದು ಈ ವ್ಯವಸ್ಥೆಯ ಕ್ರೂರವಾದ ಭಾಗ ಎನ್ನದೆ ವಿಧಿಯಿಲ್ಲ. ಹದಿನೆಂಟು ವರ್ಷದವರಿಂದ ಅಪ್ಪನ ಆದಾಯದಿಂದ ಹಿಡಿದು ಗೆಳತಿಯ ದೋಷದವರೆಗೆ ಎಲ್ಲವನ್ನೂ ಹೇಳಿಸಿಕೊಂಡು, ಕೊನೆಗೆ ಅವರ ಬಗ್ಗೆ ತಾವು ಕಂಡದ್ದರಲ್ಲಿ ಒಂದು ಸಾಲನ್ನೂ ಹೇಳದೆ ಕಳಿಸುವುದು. ಕಾರಣ ಹೇಳಿದರೆ ಮುಂದಿನ ಸಲ ಅದನ್ನೇ ಮುಚ್ಚಿಕೊಂಡು ಬರುತ್ತಾರೆ ಎಂಬ ವಾದ ಅರ್ಥವಾಗುವಂಥದೇ. ಆದರೂ ಆ ಜಾಗವನ್ನು ಖಾಲಿ ಬಿಟ್ಟಿದ್ದರಿಂದಲೇ ಕೋಚಿಂಗಿನವರು ಅಲ್ಲಿ ಬಂದು ಕೂತಿದ್ದಾರೆ. ಬಂದ ಮಾರನೇ ದಿನವೇ ಅವಳಿಗೆ ಅವರ ಫೋನ್ ಬಂತು. ಕಾವೇರಿ ವಿಷಯದಲ್ಲಿ ಕಥೆ ಹೇಳಿದ್ದೇ ತಪ್ಪಾಯಿತು ಎಂದು ಅವರು ತೀರ್ಪು ಕೊಟ್ಟರು. ಇರಬಹುದು, ಇಲ್ಲದಿರಬಹುದು. ಎನ್‌ಡಿಎಗೆ ಹತ್ತೊಂಬತ್ತೂವರೆ ವರ್ಷದವರೆಗೆ ಅವಕಾಶವಿದೆ, ಅವಳಿಗೆ ಇನ್ನೂ ಒಂದೆರಡು ಸಲ ಬರೆಯಬಹುದು. ಅದೂ ಮುಗಿದರೆ ಪದವಿಯ ನಂತರ ಮೌಂಟಿನ ಅಕಾಡೆಮಿಯ ದಾರಿ ಇದ್ದೇ ಇದೆ. ಅದಕ್ಕೂ ಇದೇ ಐದು ದಿನ. ಹೊಸ ಬ್ಯಾಚಿನ ಫೀಸು ಕಟ್ಟುವುದಿಲ್ಲವೆಂದು ಅವಳೇ ಹೇಳಿದಳು. ಅಪ್ಪನಿಗೆ ಅದರಿಂದ ಸಮಾಧಾನವಾಯಿತೋ ಗಾಬರಿಯಾಯಿತೋ ಮುಖ ನೋಡಿ ತಿಳಿಯಲಿಲ್ಲ.

ಹಿಂತಿರುಗುವ ಗಾಡಿ ಆವಡಿ, ಅಂಬತ್ತೂರುಗಳನ್ನು ನಿಲ್ಲದೆ ದಾಟಿಕೊಂಡು ಸೆಂಟ್ರಲ್‌ಗೆ ಹೋಗಿ ಮುಟ್ಟಿತು. ಅಲ್ಲಿಂದ ಲೋಕಲ್ ಹಿಡಿದು ವಾಪಸ್ಸು ಬರಬೇಕು. ಮನೆಯಲ್ಲಿ ಅಮ್ಮ ಏನೂ ಕೇಳದೆ ಸಾರು ಬಿಸಿಗಿಟ್ಟರು. ಊಟದ ಮಧ್ಯೆ ಅವಳು ಮೈದಾನದ ವಿಷಯ ತೆಗೆದಳು. ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿ, "ಹಲಗೆ ಎಷ್ಟ್ ಅಡಿ ಇತ್ತು?" ಎಂದರು. ಅವಳು ತಟ್ಟೆಯ ಪಕ್ಕದಲ್ಲಿ ಬೆರಳಿನಿಂದ ಗೆರೆ ಎಳೆದು ತೋರಿಸಿದಳು. ಅಂತರ ಎಷ್ಟು, ಹಿಂದೆ ಎಷ್ಟು ಜನ ಕೂತಿದ್ದಿರಿ, ದಿಮ್ಮಿಯನ್ನು ಹಲಗೆಗೆ ಎಲ್ಲಿ ಕಟ್ಟಿದಿರಿ ಎಂದು ಅವರು ಒಂದೊಂದಾಗಿ ಕೇಳಿದರು. ಆಮೇಲೆ, ಗಂಟು ಬಿಚ್ಚಿತು ಅಂದ್ಯಲ್ಲ, ಅದು ಯಾವ ಗಂಟು, ಹಾಕಿ ತೋರಿಸು ಎಂದು ಎದ್ದು ಹೋಗಿ ಬಟ್ಟೆ ಒಣಹಾಕುವ ಹಗ್ಗ ತಂದರು.